ಇಳಿಸುವ ಪಾಠದ ದರ

ಕಲಿಸಿದ ವಿದ್ಯೆ ಕಲಿಸಿದವರಲ್ಲಿ ಉಳಿಯುವುದಿಲ್ಲವಲ್ಲ, ಹಾಗಾಗಿ ಹುಬ್ಬಳ್ಳಿಯ ಏರ್‌ಲೈನ್ ಕ್ಯಾಪ್ಟನ್ ಶಕುಂತಲಾ ಹಾದಿಮನಿ ತಮ್ಮ ರಜಾದಿನದ ಪಾಠಗಳಿಗೆ ಯೋಚಿಸಿಯೇ ದರ ಇಟ್ಟಿದ್ದರು. ಮಳೆಮೋಡದಲ್ಲಿ ವಿಮಾನ ಹಾರಿಸುವುದನ್ನು ಐದು ಲಕ್ಷಕ್ಕೆ ಕಲಿಸಿದ ಮೇಲೆ ಕಂಪನಿಯಲ್ಲಿ ಬೇಸಿಗೆಯ ಡ್ಯೂಟಿ ಮಾತ್ರ ಮಾಡುತ್ತಿದ್ದರು. ವಿಮಾನ ಇಳಿಸುವ ಪಾಠಕ್ಕೆ ದರವನ್ನೇ ಬರೆದಿರಲಿಲ್ಲ. ಅದು ಹೋದರೆ ನೌಕರಿಯೇ ಹೋದಂತೆ.

ನಿನ್ನೆ ಅವರು ನಿವೃತ್ತರಾದರು.

"ಇಳಸೂದಕ್ಕ ಎಷ್ಟ್ರೀ ಮೇಡಂ?" ಪುಟ್ಟ ವಿಮಾನದಲ್ಲಿ ಪಕ್ಕ ಕೂತಿದ್ದ ಶಿಷ್ಯೆ ನಫೀಸಾ ಕೇಳಿದಳು.

"ಅದಕ್ಕ ರೇಟ್ ಕಟ್ಟಾಕ ನನಗ ಆಗಿಲ್ಲವ್ವಾ. ಪುಕ್ಕಟ ಕಲಿ."

ರನ್‌ವೇ ಕಾಣಿಸಿತು. ಶಕುಂತಲಾ ಒಂದೊಂದಾಗಿ ಎಲ್ಲವನ್ನೂ ಹೇಳಿಕೊಟ್ಟರು. ಕೊನೆಯ ಮಾತು ಮುಗಿಯುತ್ತಲೇ ಅವರ ಕೈಗಳು ಮಡಿಲಿಗೆ ಜಾರಿದವು. ನೆಲ ಮೇಲೇರಿ ಬರುತ್ತಿತ್ತು.

ಮೂವತ್ತು ವರ್ಷ ವಿಮಾನ ಇಳಿಸಿದವರು ಸೀಟ್‌ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿದರು:

"ನಫೀಸಾ, ನಾವು ಬೀಳಾಕತ್ತೀವೇನವಾ?"