ಐದು ನಲವತ್ತೆರಡರ ಮೆಸೇಜು

ನಿಂಗಯ್ಯ ಹೆಂಡತಿಯ ಫೋನನ್ನು ಚಾರ್ಜು ಮಾಡಿಸಿ, ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಿದ್ದ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಘಮಿತ್ರ ಮತ್ತು ಚೇತನ್‌ಕುಮಾರ್ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಆನೆ ಬಂದರೆ ಊರಿನವರ ಫೋನಿಗೆ ಎಚ್ಚರಿಕೆ ಕಳಿಸುವ ಆಪ್ ಮಾಡಿದವರು ಇವರಿಬ್ಬರೇ ಎಂದು ನಾಲ್ಕು ಕಡೆ ವಿಚಾರಿಸಿ ಬಂದಿದ್ದ. ಹನಗೋಡಿನ ಆಚೆಗಿನ ಅವನ ಊರಿನಲ್ಲಿ ಹನ್ನೆರಡು ದಿನದ ಹಿಂದೆ, ಬೆಳಿಗ್ಗೆ ಸಗಣಿ ಮಂಕರಿ ಹೊತ್ತು ತಿಪ್ಪೆಗೆ ಹೋಗಿದ್ದ ಅವನ ಹೆಂಡತಿ ಸಾಕಮ್ಮನನ್ನು ಆನೆ ತುಳಿದುಹಾಕಿತ್ತು. ತಿಥಿ ನಿನ್ನೆ ಮುಗಿದಿತ್ತು.

ಅವನಿಗೆ ಬೇಕಾಗಿದ್ದದ್ದು ಒಂದೇ. ಆವತ್ತು ಈ ಫೋನಿಗೆ ಮೆಸೇಜು ಬಂದಿತ್ತೋ ಇಲ್ಲವೋ ನೋಡಿ ಹೇಳಬೇಕು. ಬಂದಿದ್ದೂ ನೋಡದೆ ಹೋಗಿದ್ದರೆ ಅದು ಅವಳ ಹಣೆಬರಹ. ಬಂದೇ ಇಲ್ಲವೆಂದರೆ ಅದು ತನ್ನ ಪಾಪ. ವಿಡಿಯೊ ನೋಡಿ ಆದ ಮೇಲೆ ನೆಟ್ ಆಫ್ ಮಾಡು, ಸುಮ್ಮನೆ ಹಾಳಾಗುತ್ತದೆ ಎಂದು ದಿನಾ ಗದರುತ್ತಿದ್ದವನು ಅವನೇ. ಆ ಸೀಮೆಯಲ್ಲಿ ಮಲಗುವ ಮುಂಚೆ ಒಲೆ ಆರಿಸುವ ಹಾಗೆ ನೆಟ್ಟನ್ನೂ ಆರಿಸುತ್ತಾರೆ. ಆರಿಸದವಳಿಗೆ ಸಂಸಾರ ಗೊತ್ತಿಲ್ಲ ಅನ್ನುತ್ತಾರೆ.

ಸಂಘಮಿತ್ರ ಫೋನು ತೆಗೆದು ನೋಡಿದಳು. ನೆಟ್ ಆಫ್ ಆಗಿಯೇ ಇತ್ತು. ಆನ್ ಮಾಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫೋನು ಮೇಜಿನ ಮೇಲೆ ಗುರ್ರೆಂದಿತು. ‘ಎಚ್ಚರಿಕೆ. ನಿಮ್ಮ ಊರಿನ ಹತ್ತಿರ ಆನೆ ಇದೆ. ಮನೆಯಿಂದ ಹೊರಗೆ ಬರಬೇಡಿ. ಸಮಯ: ಬೆಳಿಗ್ಗೆ 5:42.’ ಹನ್ನೆರಡು ದಿನದಿಂದ ಎಲ್ಲೋ ಕಾದು ಕೂತಿದ್ದ ಮೆಸೇಜು ಈಗ ಬಂದು ಸೇರಿತ್ತು. ಸಾಕಮ್ಮ ಮಂಕರಿ ಹೊತ್ತು ಹೊರಟಾಗ ಆರು ಗಂಟೆ.

“ನಾನೇ ಕೊಂದಂಗಾಯ್ತು ಬುಡು,” ಎಂದ ನಿಂಗಯ್ಯ.

ಚೇತನ್‌ಕುಮಾರ್ ತಡಮಾಡಲಿಲ್ಲ. ಹೌದು ಯಜಮಾನ್ರೇ, ನೆಟ್ ಆಫ್ ಇದ್ದರೆ ಬರುವುದಿಲ್ಲ, ಆಪ್ ಹಾಕಿಕೊಡುವಾಗಲೇ ಮನೆಮನೆಗೂ ಹೇಳಿದ್ದೆವಲ್ಲ ಎಂದ. ಸುಳ್ಳೇನೂ ಅಲ್ಲ. ಮುಂದಿನ ವಾರ ಎಚ್.ಡಿ. ಕೋಟೆ ಕಡೆಯ ಅರವತ್ತು ಊರುಗಳಿಗೆ ಇದೇ ಆಪ್ ಹೋಗುವುದಿತ್ತು. ಅವನು ಸಂಘಮಿತ್ರಳನ್ನು ನೋಡಿದ ನೋಟದಲ್ಲಿ ಅದಷ್ಟೂ ಇತ್ತು. ಆದರೆ ಆ ಮುದುಕ ಬಗ್ಗಿಸಿದ ತಲೆ ಎತ್ತಲೇ ಇಲ್ಲ. ಇದನ್ನು ಇವನು ಸಾಯುವ ತನಕ ಹೊತ್ತು ತಿರುಗುತ್ತಾನೆ ಎಂದು ಸಂಘಮಿತ್ರಳಿಗೆ ಅನ್ನಿಸಿತು. ತಪ್ಪು ನಿಮ್ಮದಲ್ಲ ಎಂದು ಶುರುಮಾಡಿದಳು.

ಆಪ್ ಮಾಡುವುದಕ್ಕೆ ಎರಡು ದಾರಿ ಇತ್ತು ಎಂದಳು. ಒಂದು, ಯಾವುದೋ ಕಂಪನಿಯವರು ಎಲ್ಲವನ್ನೂ ಹೊಂದಿಸಿ ಇಟ್ಟ ಸಿದ್ಧ ವ್ಯವಸ್ಥೆ. ಒಂದು ಸಲ ಬರೆದರೆ ಎಲ್ಲ ಬಗೆಯ ಫೋನಿನಲ್ಲೂ ಓಡುತ್ತದೆ, ಎಂಟು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅವರು ಕೊಟ್ಟಷ್ಟರಲ್ಲೇ ಮಾಡಬೇಕು, ಮೆಸೇಜು ನೆಟ್ಟಿನ ಮೇಲೆಯೇ ಬರಬೇಕು. ಇನ್ನೊಂದು, ಅದನ್ನು ಬಿಟ್ಟು ಫೋನಿನ ಒಳಗಿನ ಕೆಲಸವನ್ನೆಲ್ಲ ತಾವೇ ಬರೆಯುವುದು. ಎರಡು ತಿಂಗಳು ಹಿಡಿಯುತ್ತದೆ, ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಆದರೆ ನೆಟ್ ಇಲ್ಲದಿದ್ದರೂ ಮಾಮೂಲಿ ಎಸ್ಸೆಮ್ಮೆಸ್ಸಿನಲ್ಲೇ ಸುದ್ದಿ ಹಿಡಿದು, ಸೈಲೆಂಟಿನಲ್ಲಿಟ್ಟ ಫೋನೂ ಸೈರನ್ನಿನ ಹಾಗೆ ಕೂಗುವಂತೆ ಮಾಡಬಹುದಿತ್ತು. ಐಫೋನಿನಲ್ಲಿ ಮಾತ್ರ ಅದು ಆಗುವುದಿಲ್ಲ. ಕಾಡಂಚಿನ ಊರುಗಳಲ್ಲಿ ಐಫೋನ್ ಇಟ್ಟವರನ್ನು ಹುಡುಕಿದರೂ ಸಿಗುವುದಿಲ್ಲ; ಆಪ್ ಮಾಡಿಸಿದ ಸಂಸ್ಥೆಯ ದೊಡ್ಡವರ ಕೈಯಲ್ಲಿದ್ದದ್ದು ಮಾತ್ರ ಐಫೋನೇ. ಉದ್ಘಾಟನೆಯ ದಿನ ಅದರಲ್ಲಿ ಎಲ್ಲ ಕಾಣಬೇಕಿತ್ತು, ಅದೂ ಆನೆಗಳು ಗದ್ದೆಗಿಳಿಯುವ ಕೊಯ್ಲಿನ ಕಾಲಕ್ಕೆ ಮುಂಚೆ. ಚೇತನ್ ಮೊದಲನೆಯ ದಾರಿ ಎಂದ. ಎರಡನೆಯದೇ ಆಗಬೇಕು ಎಂದು ಸಂಘಮಿತ್ರ ಒಂದು ದಿನವೆಲ್ಲ ಜಗಳವಾಡಿ, ಮಾರನೆಯ ದಿನ ಒಪ್ಪಿಕೊಂಡಿದ್ದಳು.

ಹೇಳಿ ಮುಗಿಸಿದಾಗ, ತಪ್ಪು ಒಪ್ಪಿಕೊಂಡವರಿಗೆ ಬರುವ ಹಗುರ ಅವಳಿಗೂ ಬಂತು. ಅಷ್ಟು ಬೇಗ ಬರಬಾರದಿತ್ತು. ಚೇತನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ನಿಂಗಯ್ಯ ಎಲ್ಲವನ್ನೂ ಕೇಳಿಸಿಕೊಂಡು, ಅರ್ಥವಾದಷ್ಟನ್ನು ಮನಸ್ಸಿನಲ್ಲೇ ತಿರುವಿಹಾಕುತ್ತ ಕೂತಿದ್ದ. ಕೋಪ ಮಾಡಿಕೊಳ್ಳುತ್ತಾನೆ ಎಂದು ಅವಳು ಕಾದಳು. ಅವನು ಅವಳ ಊರು ಕೇಳಿದ. ಹನಗೋಡು ಎಂದಳು. ತಾಯಿ ಇದ್ದಾರಾ ಎಂದು ಕೇಳಿದ. ಇದ್ದಾರೆ ಎಂದಳು.

“ಆವತ್ತು ಆನೆ ಅನಗೋಡ್ ದಾಟ್ಕಂಡೇ ಬಂದಿದ್ದು ಕಣವ್ವ. ನಿಮ್ಮವ್ವ ನೆಟ್ ಆಫ್ ಮಾಡಾಕಿಲ್ವಾ?”

“ಮಾಡ್ತಾರೆ.”

“ಮತ್ತೆ ಅವ್ರಿಗೆಂಗೆ ಗೊತ್ತಾಯ್ತದೆ?”

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಿಂಗಯ್ಯ ನಂಬುತ್ತಿದ್ದ. “ನನ್ ಫೋನ್‌ಗೆ ಮೆಸೇಜ್ ಬಂದೇಟ್ಗೆ ನಾನೇ ಅವ್ವಂಗೆ ಫೋನ್ ಮಾಡಿ ಹೇಳ್ತೀನಿ,” ಎಂದಳು.

ನಿಂಗಯ್ಯ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ.

“ಆವತ್ತೂ ಮಾಡಿದ್ಯಾ?”

“ಮಾಡಿದ್ದೆ,” ಎಂದಳು ಸಂಘಮಿತ್ರ. “ಒಂದೇ ರಿಂಗ್‌ಗೆ ಎತ್ತುದ್ರು.”