ಹಿಂದಿನ ಸೀಟಿನ ಬಣ್ಣ

ಕೊನೆಯ ಸಲ ಕೂತವರ ಮೈಬೆಳಕನ್ನೇ, ಒಬ್ಬರದು ಇನ್ನೊಬ್ಬರಿಗಿಲ್ಲದ ಆ ಬಣ್ಣವನ್ನೇ, ತೋರಿಸುವ ಎಲ್‌ಇಡಿ ಪಟ್ಟಿಗಳು ಬಂದಮೇಲೆ, ಹುಬ್ಬಳ್ಳಿಯ ಮೌನೇಶನ ಗ್ಯಾರೇಜಿಗೆ ಬೈಕುಗಳ ಜೊತೆ ಹೆಂಡಂದಿರೂ ಬರತೊಡಗಿದ್ದರು.

"ಮುಂದಷ್ಟ ಹಾಕ್ರಿ, ಹಿಂದ ಬ್ಯಾಡ," ಎಂದ ಚನ್ನವೀರ.

"ಹಿಂದೂ ಹಾಕ್ರಿ," ಎಂದಳು ಅವನ ಹೆಂಡತಿ. "ಅದಕ್ಕಂತನ ನಾ ಇವ್ರ ಹಿಂದ ಕುಂಡ್ರದ ಆಟೋದಾಗ ಬಂದೇನಿ."

ಮೌನೇಶ ಒಳಗೊಳಗೇ ನಗುತ್ತ ಎರಡೂ ಸೀಟಿನಡಿ ಪಟ್ಟಿ ಅಂಟಿಸಿ, ವೈರನ್ನು ಬ್ಯಾಟರಿಗೆ ಕೊಟ್ಟು, ಶಟರ್ ಅರ್ಧ ಎಳೆದು ಸ್ವಿಚ್ ಒತ್ತಿದ. ಮುಂದೆ ಚನ್ನವೀರನ ಹಳದಿ. ಹಿಂದೆ, ಅಂಚಿಗೆ ಕೇಸರಿ ಹೊಳೆಯುವ ತಿಳಿನೇರಳೆ.

ತನ್ನ ಮನೆಯ ಜೋಕಾಲಿಗೂ ಮೌನೇಶ ಒಂದು ಪಟ್ಟಿ ಹಚ್ಚಿದ್ದ. ತನ್ನ ಹೆಂಡತಿ ಜೋಕಾಲಿಯಿಂದ ಎದ್ದಾಗಲೆಲ್ಲ ಅದು ಉರಿಯುತ್ತಿದ್ದುದು ಇದೇ ಬಣ್ಣದಲ್ಲಿ.

"ಯಾರದ್ರಿ ಈ ಬಣ್ಣ?" ಎಂದಳು ಚನ್ನವೀರನ ಹೆಂಡತಿ.

ಮೌನೇಶ ವೈರು ಕಿತ್ತ.

"ಪಟ್ಟಿ ಕೆಟ್ಟೈತ್ರಿ, ಅಕ್ಕಾರ," ಎಂದ, ಚನ್ನವೀರನ ಮುಖದಿಂದ ಕಣ್ಣು ಕೀಳದೆ.