ಅಂಚಿಗೆ ಬಂದು ನಿಂತ ಮಾತು

“ಮೌಸ್ ಬಿಡಿ ನಾನಿ!”

ತಹ್ರೀಮ್ ಓಡಿಬಂದು ಅಜ್ಜಿಯ ಕೈಯಿಂದ ಮೌಸ್ ಕಸಿದುಕೊಂಡಳು. ಬೀಬಿ ಜಾನ್ ಬೆಚ್ಚಲಿಲ್ಲ. ಕಂಪ್ಯೂಟರ್ ಪರದೆಯ ಪುಟ್ಟ ವಿಂಡೋದಲ್ಲಿ ನಿಂತಿದ್ದ ಒಂದು ಸಾಲಿನ ಮುಂದೇನಿದೆ ಎಂಬುದಷ್ಟೇ ಮುದುಕಿಗೆ ಬೇಕಿತ್ತು.

ಆ ಪುಟ್ಟ ವಿಂಡೋ ಮಾಡಿಟ್ಟವನು ತಹ್ರೀಮಳ ಗಂಡ ದಾವೂದ್. ಅವನು ಫೋನಿನಲ್ಲಿ ಬರೆದದ್ದು ಮನೆಯ ಕಂಪ್ಯೂಟರಿನಲ್ಲಿ, ಲೇಬಲ್ ಎಂಬ ಚೌಕದೊಳಗೆ ಮೂಡುತ್ತಿತ್ತು. ಒಂದೇ ಕುಂದು. ಉದ್ದದ ಮಾತು ಕೆಳಗಿನ ಸಾಲಿಗೆ ಇಳಿಯುತ್ತಿರಲಿಲ್ಲ. ಅಂಚಿಗೆ ಬಂದು ಕತ್ತರಿಸಿಹೋಗುತ್ತಿತ್ತು. ಆಸ್ಪತ್ರೆಯಿಂದ ಅವನು ಕಳಿಸಿದ ಮಾತೂ ಹಾಗೆಯೇ ನಿಂತಿತ್ತು: ‘ತಹ್ರೀಮ್, ಡಾಕ್ಟರ್ ಬಂದಿದ್ರು. ಅವರು ಹೇಳಿದ್ದು’

ಸರಿಪಡಿಸಲು ಸಾಲು ಮಡಚುವ ಆಯ್ಕೆಗೆ ಒಂದು ಟಿಕ್ ಸಾಕು. ತಹ್ರೀಮಳ ಆಫೀಸು ಕೆಲಸವೇ ಅದು. “ಸಾಲು ಮಡಚೋಕೆ ಬರದ ಎಂಜಿನಿಯರ್” ಎಂದು ಗಂಡನನ್ನು ಛೇಡಿಸಿದವಳೂ ಅವಳೇ. ಆದರೂ ಅಜ್ಜಿ ಕೇಳಿದಾಗಲೆಲ್ಲ “ನಾಳೆ ಮಾಡ್ತೀನಿ” ಎನ್ನುತ್ತಿದ್ದಳು.

ಐರ್ಲೆಂಡಿನ ಡ್ರೋಹೆಡಾ ಊರಿನ ಆ ಆಸ್ಪತ್ರೆ ಮನೆಯಿಂದ ಕೂಗಳತೆ ದೂರ. ಅತ್ತ ಕಡೆಯ ಕಿಟಕಿಗೆ ತಹ್ರೀಮ್ ಪರದೆ ಎಳೆದೇ ಇಡುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ಕೈಗೆ ಬಳೆಯಿಲ್ಲ, ಬಟ್ಟೆಗೆ ಅತ್ತರಿಲ್ಲ. ಬಾಗಿಲ ಬಳಿ ದಾವೂದನ ಚಪ್ಪಲಿಗಳು ಧೂಳು ತಿನ್ನುತ್ತಿದ್ದವು.

ಪಕ್ಕದ ಮನೆಯ ಶರ್ಮಿಳಾ ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದಳು.

“ನದಿ ಕಡೆ ಒಂದು ಸುತ್ತು ಬರ್ತೀಯೇನೇ?”

“ಬೇಡ ಕಣೇ. ಇಲ್ಲಿನವರು ಹೇಳೋ ಹಾಗೆ, ಐ ಆ್ಯಮ್ ಗ್ರ್ಯಾಂಡ್. ಚೆನ್ನಾಗೇ ಇದೀನಿ.”

“ಗ್ರ್ಯಾಂಡಂತೆ! ಕನ್ನಡಿ ನೋಡ್ಕೊಂಡಿದ್ದೀಯಾ?” ಶರ್ಮಿಳಾ ಗದರಿದಳು. ಆಮೇಲೆ ಬೀಬಿ ಜಾನ್ ಕಡೆ ನೋಡಿ, ತುಟಿ ಕಚ್ಚಿ ಹೊರಟುಹೋದಳು.

ತಹ್ರೀಮ್ ಚಿಕ್ಕವಳಿದ್ದಾಗ, ರಾಜಕುಮಾರ ಕಾಡಿಗೆ ಕಾಲಿಟ್ಟಲ್ಲಿಗೇ ಬೀಬಿ ಜಾನ್ ಕಥೆ ನಿಲ್ಲಿಸುತ್ತಿದ್ದಳು. ಮುಂದೆ ಹುಲಿ ಬರುತ್ತದೆಂದು ಗೊತ್ತಿದ್ದ ಮೊಮ್ಮಗಳು ಅಲ್ಲಿಗೇ ಕಣ್ಣು ಮುಚ್ಚುತ್ತಿದ್ದಳು.

“ಈ ಚಾಳಿ ನಿಂಗೆ ನಾನೇ ಕಲಿಸಿದ್ದು,” ಎಂದಳು ಅಜ್ಜಿ. “ಇವತ್ತು ಮುಂದಿಂದು ಕೇಳಲೇಬೇಕು, ಬೇಟಾ.”

“ಓದಿದ್ರೆ ಮುಗಿದೇ ಹೋಗುತ್ತಲ್ಲ, ನಾನಿ.”

“ಹುಲಿ ಬಂದು ಹೋಗೈತೆ. ಇನ್ನೇನು ಹೆದರಿಕೆ?”

ತಹ್ರೀಮ್ ಮೌಸನ್ನು ಹತ್ತಿರಕ್ಕೆಳೆದುಕೊಂಡಳು. ಕೊನೆಗೆ ಟಿಕ್ ಹಾಕಿದಳು. ಲೇಬಲ್ ಕೆಳಕ್ಕೆ ಬೆಳೆಯಿತು. ಸಾಲಿನ ಕೆಳಗೆ ಸಾಲು ಇಳಿಯಿತು.

‘ಸಣ್ಣ ಆಪರೇಷನ್ ಅಷ್ಟೇ ಅಂತ. ಹೆದರ್ಬೇಡ.
ಬರುವಾಗ ನನ್ನ ಚಪ್ಪಲಿ ತಾ, ನಡ್ಕೊಂಡೇ ಮನೆಗೆ ಬರ್ತೀನಿ.
ಈ ಲೇಬಲ್ಲನ್ನ ನೀನೇ ಸರಿ ಮಾಡು. ನನ್ನ ಕೈಲಿ ಆಗಲ್ಲ.’

ಅವಳು ಎದ್ದಳು. ಚಪ್ಪಲಿಗಳ ಧೂಳನ್ನು ದುಪಟ್ಟಾದಿಂದ ಒರೆಸಿದಳು. ಬಾಗಿಲು ತೆರೆದಳು. ಕಾಲು ತಾನಾಗಿಯೇ ಆಸ್ಪತ್ರೆಯ ದಾರಿಗೆ ತಿರುಗಿತು.

“ಆ ಕಡೆ ಅಲ್ಲ, ಬೇಟಾ,” ಬೀಬಿ ಜಾನ್ ಅವಳ ಕೈ ಹಿಡಿದಳು. “ಇವತ್ತಿಗೆ ನಿನ್ನ ಇದ್ದತ್, ಮನೆಯೊಳಗೇ ದುಃಖ ಕಳೀಬೇಕಾದ ನಾಲ್ಕು ತಿಂಗಳು ಹತ್ತು ದಿನ, ಮುಗೀತು. ಅವನ ಗೋರಿ ಹತ್ರ ಹೋಗೋಣ, ನಡಿ.”